ಇಪ್ಪತ್ತೆರಡು ನಿಮಿಷದ ಭಾಷಣ

ರವಿವಾರ, ೧೨ ಜನವರಿ ೧೯೪೧. ಮುಂಜಾನೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಕೂತಿದ್ದೇನೆ. ನಮ್ಮ ಚೀಲ-ಸುತಳಿಯ ಅಂಗಡಿಯನ್ನು ಇವತ್ತು ಅಣ್ಣ ನೋಡಿಕೊಳ್ಳುತ್ತಾನೆ, ಮಧ್ಯಾಹ್ನದ ಊಟದವರೆಗೆ ನನಗೆ ಬಿಡುವು. ಎದುರಿಗೆ ಐದು ವರ್ಷದ ಐದು ದಿನಚರಿಗಳಿವೆ. ಐದರಲ್ಲಿಯೂ ದೀಪಾವಳಿ ಪಾಡ್ಯದ ಪುಟಕ್ಕೆ ಒಂದೊಂದು ತುಂಡು ಸುತಳಿ ಇಟ್ಟಿದ್ದೇನೆ. ನಮ್ಮ ವಾಚನಾಲಯದ ಮಾಜಿ ಅಧ್ಯಕ್ಷರು ತಮ್ಮ ಐದು ವಾರ್ಷಿಕ ಭಾಷಣಗಳನ್ನು ಮಾಡಿದ್ದು ಪಾಡ್ಯದ ದಿನವೇ. ಸಾಂಗಲಿಯ ಪೇಟೆಯಲ್ಲಿ ಅವುಗಳನ್ನು ಈಗಲೂ ಐತಿಹಾಸಿಕ ಭಾಷಣಗಳು ಎನ್ನುತ್ತಾರೆ. ಐದನ್ನೂ ಮುಂದಿನ ಬಾಕಿನ, ಅಂದರೆ ಬೆಂಚಿನ, ಬಲತುದಿಗೆ ಕೂತು ಕೇಳಿದವನು ನಾನು. ಐದನ್ನೂ ಬರೆದಿಟ್ಟವನು ನಾನು ಎಂದು ಪೇಟೆ ನಂಬಿತ್ತು. ಹೋದ ದೀಪಾವಳಿಯ ತನಕ ನಾನೂ ಹಾಗೆಯೇ ನಂಬಿದ್ದೆ.

ವಾಚನಾಲಯ ಇರುವುದು ಅರಿಶಿಣ ಪೇಟೆಯ ಹಿಂದಿನ ಓಣಿಯಲ್ಲಿ. ಒಂದು ದೊಡ್ಡ ಕೋಣೆ, ಅದರ ಮುಂದೆ ಕಟ್ಟೆ. ಒಳಗೆ ಉದ್ದನೆಯ ಮೇಜು, ನಾಲ್ಕು ಬಾಕು, ಏಳು ಹಲಗೆಯ ಒಂದು ಕಪಾಟು. ಐದು ಹಲಗೆಯ ತುಂಬ ಮರಾಠಿ, ಎರಡರಲ್ಲಿ ಕನ್ನಡ. ಕಟ್ಟಿಸಿದವರು ಕನ್ನಡ ಮನೆಮಾತಿನ ಲಿಂಗವಂತ ವ್ಯಾಪಾರಸ್ಥರು, ಅವರ ಮಕ್ಕಳು ಓದುವುದು ಮಾತ್ರ ಮೇಲಿನ ಐದು ಹಲಗೆಯವು. ಸಭೆಯ ನಡಾವಳಿಯನ್ನೂ ಅಂಗಡಿಯ ರೂಢಿಯಂತೆ ಮೋಡಿ ಅಕ್ಷರದಲ್ಲಿ, ಮರಾಠಿಯಲ್ಲಿಯೇ ಬರೆಯುತ್ತಾರೆ.

ಒಂದು ರೂಢಿಯನ್ನು ಇಲ್ಲಿ ಹೇಳಬೇಕು. ನಮ್ಮ ವಾಚನಾಲಯಕ್ಕೆ ಬರೆದ ನಿಯಮಗಳಿಲ್ಲ. ಪಾಡ್ಯದ ಸಭೆಯಲ್ಲಿ ಅಧ್ಯಕ್ಷರು ಎದ್ದು ನಿಂತು ಏನಾದರೂ ಹೇಳಿ, ಅದಕ್ಕೆ ಕೂತವರಲ್ಲಿ ಯಾರೂ ಎದುರಾಡದಿದ್ದರೆ ಅದೇ ನಿಯಮ. ಇದು ಅರಿಶಿಣ ಪೇಟೆಯಿಂದ ಬಂದದ್ದು. ಅಲ್ಲಿ ದಲಾಲರು ದರ ಮುರಿದು ಗೊತ್ತುಮಾಡುವುದು ಶಾಲಿನ ಕೆಳಗೆ. ಇಬ್ಬರ ಕೈ ಮೇಲೆ ಶಾಲು ಹೊದಿಸಿ, ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿಯುತ್ತಾರೆ. ಒಂದು ಬೆರಳು ಒಂದು, ಪೂರ್ತಿ ಅಂಗೈ ಐದು, ಅಂಗೈ ಹಿಡಿದು ಮೇಲೆ ಎರಡು ಬೆರಳು ಹಿಡಿದರೆ ಏಳು. ಒಪ್ಪಿಗೆ ಇಲ್ಲದಿದ್ದರೆ ಕೈ ಬಿಟ್ಟುಬಿಡುವುದು. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ, ಕಾಗದದ ಮೇಲೂ ಏನೂ ಬೀಳುವುದಿಲ್ಲ. ಆದರೆ ಶಾಲಿನ ಕೆಳಗೆ ಆದ ಮಾತನ್ನು ಆಮೇಲೆ ಇಲ್ಲ ಅಂದವನು ಪೇಟೆಯಲ್ಲಿ ಮತ್ತೆ ಕೂರಲಾರ. ಮಾಜಿ ಅಧ್ಯಕ್ಷರು ನಾಲ್ವತ್ತು ವರ್ಷ ಅರಿಶಿಣದ ದಲಾಲರಾಗಿದ್ದವರು. ಬರೆದಿಡುವುದರ ಮೇಲೆ ಅವರಿಗೆ ಅಂಥ ಭರವಸೆ ಇರಲಿಲ್ಲ.

ಈಗಿನ ಅಧ್ಯಕ್ಷರದು ಬಟ್ಟೆಯ ವ್ಯಾಪಾರ. ಒಳ್ಳೆಯವರು, ಶಿಸ್ತಿನವರು. ಮೇಜಿಗೆ ಹಸಿರು ಬನಾತಿನ ಬಟ್ಟೆ ಹೊದಿಸಿದವರು ಅವರೇ. ಹೋದ ದೀಪಾವಳಿಗೆ ಎಂಟು ದಿನ ಇರುವಾಗ ಪಂಚರನ್ನು ಕರೆಸಿ, ಪಾಡ್ಯದ ದಿನ ಎರಡು ಮಾತು ಹೇಳುವವನಿದ್ದೇನೆ ಅಂದರು. ಒಳಗೆ ಕೂರುವವರು ಮೌನವಾಗಿ ಓದಬೇಕು. ಹಾಗೆ ಓದಲು ಬರದವರು ಕಟ್ಟೆಯ ಮೇಲೆ ಕೂರಬೇಕು.

ಅದು ಯಾರಿಗೆ ಹೇಳಿದ ಮಾತು ಎಂದು ಎಲ್ಲರಿಗೂ ಗೊತ್ತಿತ್ತು. ಕವಲಾಪುರದ ಒಬ್ಬ ಕುರಿಗಾರ, ವಯಸ್ಸು ನಾಲ್ವತ್ತರ ಹತ್ತಿರ, ವಾರದ ಬಜಾರದ ದಿನ ಕಂಬಳಿ ಮಾರಲು ಬಂದವನು ಕೆಲಸ ಮುಗಿಸಿ ಮೂರು ಗಂಟೆಗೆ ವಾಚನಾಲಯಕ್ಕೆ ಬರುತ್ತಾನೆ. ನನ್ನ ದಿನಚರಿಯ ಪ್ರಕಾರ ಅಲ್ಲಿಯವರೆಗೆ ತೊಂಬತ್ತಾರು ಬಜಾರ ಬಂದಿದ್ದ. ತಪ್ಪಿಸಿದ್ದು ಬಹುತೇಕ ಹಿಂಡು ಹೊಡೆದುಕೊಂಡು ದೂರ ಹೋದ ತಿಂಗಳುಗಳಲ್ಲಿ. ಆತನ ಒಬ್ಬಳೇ ಮಗಳನ್ನು ಅಥಣಿಯ ಕಡೆ ಕೊಟ್ಟಿದೆ. ಅವಳು ಅಲ್ಲಿ ಅಕ್ಷರ ಕಲಿತು ಅಪ್ಪನಿಗೆ ಕನ್ನಡದಲ್ಲಿ ಕಾಗದ ಬರೆಯತೊಡಗಿದಳು. ಕವಲಾಪುರದಲ್ಲಿ ಓದು ಬಲ್ಲವರಿಗೆಲ್ಲ ಬರುವುದು ಮರಾಠಿ. ಹೀಗಾಗಿ ಆತ ಕಾಗದವನ್ನು ರುಮಾಲಿನಲ್ಲಿ ಸುತ್ತಿಕೊಂಡು ಸಾಂಗಲಿಗೆ ತರುತ್ತಿದ್ದ. ಪೇಟೆಯಲ್ಲಿ ಯಾರಾದರೂ ಓದಿ ಹೇಳುತ್ತಿದ್ದರು, ಅವಸರದಲ್ಲಿ, ಅರ್ಧ ಬಿಟ್ಟು. ಒಮ್ಮೆ ಓದಿದವರು ಮನೆಯ ಒಳಗಿನ ಮಾತನ್ನು ನಾಲ್ಕು ಜನರ ಮುಂದೆ ಗಟ್ಟಿಯಾಗಿ ಓದಿ ನಕ್ಕರು. ಆಮೇಲೆ ಆತ ತಾನೇ ಕಲಿಯುತ್ತೇನೆ ಎಂದು ವಾಚನಾಲಯದ ಮೆಟ್ಟಿಲು ಹತ್ತಿದ. ಕಲಿತದ್ದು ಕನ್ನಡ ಪತ್ರಿಕೆಯ ದೊಡ್ಡ ಅಕ್ಷರಗಳ ಮೇಲೆ ಬೆರಳಿಟ್ಟು, ದನಿ ತೆಗೆದು. ದನಿ ಇಲ್ಲದೆ ಆತನಿಗೆ ಓದು ಸಾಗುತ್ತಿರಲಿಲ್ಲ.

ಪತ್ರಿಕೆಗಳನ್ನು ಕಟ್ಟೆಗೆ ಒಯ್ಯುವಂತಿಲ್ಲ ಎಂಬ ನಿಯಮ ಮೊದಲಿನಿಂದಲೂ ಇದೆ. ಆದ್ದರಿಂದ ಕಟ್ಟೆಯ ಮೇಲೆ ಕೂರಿಸುವುದೆಂದರೆ ಆತನ ಓದು ಅಲ್ಲಿಗೇ ಮುಗಿದಂತೆ.

ಪಂಚರಲ್ಲಿ ಹಿರಿಯರಾದ ದಲಾಲ ಕಾಕಾ ಎದ್ದರು. ಇದು ಹಿಂದೆಯೇ ತೀರಿಹೋದ ಮಾತು, ಮಾಜಿ ಅಧ್ಯಕ್ಷರು ಮೂರನೆಯ ವರ್ಷದ ಭಾಷಣದಲ್ಲಿ ಇದನ್ನೇ ಹೇಳಿದ್ದಾರೆ, ಅದಕ್ಕೆ ಯಾರೂ ಎದುರಾಡಿಲ್ಲ, ಅದೇ ನಿಯಮ ಅಂದರು. ಏನು ಹೇಳಿದ್ದರು ಎಂದು ಅಧ್ಯಕ್ಷರು ಕೇಳಿದರು. ಕಾಕಾ ಎದೆ ಸೆಟೆದು, "ಈ ಬಾಗಲಾ ಯಾರಿಗೂ ಮುಚ್ಚಾಂಗಿಲ್ಲ, ಇದು ಸರಸ್ವತಿ ಬಾಗಲಾ ಅಂದಾರ," ಅಂದರು. ನಡಾವಳಿ ತೆಗೆಸಿದರು. ಆ ವರ್ಷದ ಪುಟದಲ್ಲಿ ಮೋಡಿಯಲ್ಲಿ ಇದ್ದದ್ದು ಒಂದೇ ಸಾಲು: ಅಧ್ಯಕ್ಷರ ಸಮಯೋಚಿತ ಭಾಷಣ ಆಯಿತು. ಉಳಿದ ನಾಲ್ಕು ವರ್ಷದಲ್ಲೂ ಅದೇ ಸಾಲು.

"ಹಂಗಾರ ನಮ್ಮ ದಿನಚರಿಯವನ್ನ ಕೇಳ್ರಿ. ಅವಾ ಬರದಿಟ್ಟಾನ," ಅಂದರು ಕಾಕಾ.

ನಾನು ಅಲ್ಲೇ ಬಾಕಿನ ಮೇಲಿದ್ದೆ. ಮನೆಗೆ ಓಡಿ ಪುಸ್ತಕ ತಂದೆ. ಎಲ್ಲರ ಮುಂದೆ ಸುತಳಿ ಇಟ್ಟ ಪುಟ ತೆರೆದು ಓದಿದೆ. ಹಾಜರಿ ನಾಲ್ವತ್ತೊಂದು. ಆರಂಭ ಐದು ಗಂಟೆ ಆರು ನಿಮಿಷ. ಅವಧಿ ಇಪ್ಪತ್ತೆರಡು ನಿಮಿಷ. ಚಪ್ಪಾಳೆ ಐದು ಸಲ. ನೀರು ಎರಡು ಸಲ. ಕೆಮ್ಮು ಮೂರು.

"ಕೆಮ್ಮು ಮೂರ ಅಂಬೂದು ಖಾತ್ರಿ ಐತೇನಪಾ?" ಅಧ್ಯಕ್ಷರು ಕೇಳಿದರು. ಎಲ್ಲರೂ ನಕ್ಕರು.

"ಮಾತು ಎಲ್ಲೈತಿ?" ಕಾಕಾ ನಗಲಿಲ್ಲ.

"ಮಾತು ಬರದಿಲ್ರಿ ಕಾಕಾ."

ಯಾಕೆ ಬರೆಯಲಿಲ್ಲ ಎಂದು ಅವರು ಕೇಳಲಿಲ್ಲ, ನಾನೇ ಕೇಳಿಕೊಂಡೆ. ಐದು ಪುಸ್ತಕಗಳಲ್ಲೂ ಹೀಗೆಯೇ ಇದೆ: ಹದಿನೇಳು ನಿಮಿಷ, ಹತ್ತೊಂಬತ್ತು, ಇಪ್ಪತ್ತೆರಡು, ಇಪ್ಪತ್ತು, ಕೊನೆಯದು ಒಂಬತ್ತು. ಎಣಿಕೆ ಮರೆತುಹೋಗುತ್ತದೆ, ಅದನ್ನು ಬರೆದಿಡಬೇಕು. ಅಂಥ ಮಾತನ್ನು ಯಾರು ಮರೆಯುತ್ತಾರೆ ಎಂದು ತಿಳಿದಿದ್ದೆ. ಈಗ ಕೆಮ್ಮು ಎಷ್ಟು ಎಂಬುದು ಗೊತ್ತು, ಮಾತು ಗೊತ್ತಿಲ್ಲ.

ಅಧ್ಯಕ್ಷರು ನ್ಯಾಯವಾಗಿಯೇ ಮಾತಾಡಿದರು. ಹಿಂದಿನವರು ಪಾಡ್ಯದ ಸಭೆಯಲ್ಲಿ ನಿಜವಾಗಿ ಹಾಗೆ ಹೇಳಿದ್ದರೆ ತಾವು ಅದನ್ನು ಮೀರುವುದಿಲ್ಲ. ಆದರೆ ಒಬ್ಬರ ನೆನಪಿನ ಮೇಲೆ ನಡೆಯುವುದಿಲ್ಲ. ಎಂಟು ದಿನದಲ್ಲಿ ಹುಡುಕಿ ತರಬೇಕು.

ನಾನು ಹುಡುಕಲು ಹೊರಟೆ. ಹಾಜರಿಯನ್ನು ಹೆಸರು ಸಮೇತ ಬರೆದಿದ್ದರಿಂದ ಆ ದಿನ ಕೂತಿದ್ದ ನಾಲ್ವತ್ತೊಂದು ಜನರ ಪಟ್ಟಿ ನನ್ನಲ್ಲಿತ್ತು. ಐವರು ತೀರಿಕೊಂಡಿದ್ದರು. ಆರು ದಿನದಲ್ಲಿ ಇಪ್ಪತ್ತಾರು ಜನರನ್ನು ಕಂಡೆ. ಹದಿನಾಲ್ಕು ಜನ, ಭಾಷಣ ಭಾಳ ಛಂದ ಆಗಿತ್ತು ಅಂದರು, ಅಷ್ಟೇ. ಮೂವರು ಬೇರೆ ವರ್ಷದ ಭಾಷಣದ ದಿನ ನಡೆದದ್ದನ್ನು ಹೇಳಿದರು. ಒಬ್ಬರಿಗೆ ಅಂದು ಹಂಚಿದ ಚಿರೋಟಿಯ ನೆನಪಿತ್ತು. ಉಳಿದವರ ಬಾಯಿಂದ, ಕಾಕಾ ಹೇಳಿದ್ದೂ ಸೇರಿ, ಏಳು ವಾಕ್ಯ ಸಿಕ್ಕವು, ಒಂದಕ್ಕೊಂದು ಕೂಡದಂಥವು.

ಪಟ್ಟಿಯಲ್ಲಿ ಇಲ್ಲದವರಿಂದಲೂ ಸಿಕ್ಕಿತು. ಹೆಂಗಸರು ಒಳಬಾಗಿಲ ಆಚೆ ಕೂತಿದ್ದರು. ಅವರನ್ನು ನಾನು ಎಣಿಸಿರಲಿಲ್ಲ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಹೇಳಿದಳು:

"ನಮ್ಮ ಮನಿ ಹುಡುಗ್ರಿಗೇ ಕನ್ನಡ ಓದಾಕ ಬರವಲ್ದು, ಓದಾಕ ಬಂದವಗ ಜಾಗಾ ಕೊಡ್ರಿ ಅಂದ್ರು. ನಿಮ್ಮ ಅಣ್ಣ ಆಗ ಒಳಬಾಗಲದಾಗ ನನ್ನ ಮಗ್ಗಲಕ್ಕ ನಿಂತಿದ್ದಾ. ಅವಗೂ ಓದಾಕ ಬರಾಂಗಿಲ್ಲಲಾ, ತೆಳಗ ನೋಡಿದಾ. ಅದಕ್ಕ ನೆನಪೈತಿ."

ಕೊನೆಗೆ ಬಜಾರದ ದಿನ ಬಂತು. ಕುರಿಗಾರ ಮೂರು ಗಂಟೆಗೆ ಬಂದು, ಯಾರಿಂದಲೋ ಸುದ್ದಿ ಕೇಳಿ, ಒಳಗೆ ಬಾರದೆ ಕಟ್ಟೆಯ ತುದಿಗೆ ಕೂತಿದ್ದ. ಆ ದಿನದ ಸಭೆಯಲ್ಲಿ ಆತನೂ ಇದ್ದ; ಬಾಗಿಲ ಹೊರಗೆ ನಿಂತಿದ್ದರಿಂದ ನನ್ನ ನಾಲ್ವತ್ತೊಂದರಲ್ಲಿ ಬಂದಿರಲಿಲ್ಲ. ನಾನು ಕೇಳಿದ ಕೂಡಲೆ ಮಾಜಿ ಅಧ್ಯಕ್ಷರ ಮಾತನ್ನು ಅವರದೇ ಎಳೆತದಲ್ಲಿ ಹೇಳಿದ. ನಾನು ಪೆನ್ಸಿಲು ತೆಗೆದೆ.

"ಬರೀಬ್ಯಾಡ್ರಿ ಸಾವ್ಕಾರ್ರ," ಅಂದ.

"ಯಾಕ್ರಿ? ನಿಮ್ಮ ಸಲುವಾಗೇ ಅಲ್ಲೇನು ಇದು?"

"ಅದಕ್ಕ ಬ್ಯಾಡ್ರಿ. ನಾ ಹೇಳಿದ್ರ ನನ್ನ ಹೊಟ್ಟಿಗೆ ನಾನೇ ಸಾಕ್ಷಿ ಹೇಳಿದಂಗ ಆಗತೈತಿ. ನಾಳೆ ಯಾರರ ಅದನ್ನ ಆಡಿ ತೋರಸತಾರ."

ಬಹಳ ಹೊತ್ತು ಮಾತಾಡಿದ ಮೇಲೆ ಒಂದಕ್ಕೆ ಒಪ್ಪಿದ. ವಾಕ್ಯ ಬರೆದುಕೊಳ್ಳಬಹುದು, ಯಾರು ಹೇಳಿದರು ಎಂದು ಹೇಳಬಾರದು. ಹಾಗಾಗಿ ನಾನು ಯಾವ ವಾಕ್ಯದ ಮುಂದೆಯೂ ಹೇಳಿದವರ ಗುರುತು ಬರೆಯಲಿಲ್ಲ. ಬರಿಯ ಅಂಕಿ ಹಾಕಿದೆ, ಒಂದರಿಂದ ಒಂಬತ್ತು. ಒಂದನೆಯದು ದಲಾಲ ಕಾಕಾ ಹೇಳಿದ ಸರಸ್ವತಿಯ ಬಾಗಿಲು. ಕುರಿಗಾರ ನಿನ್ನೆ, ಇದೆಲ್ಲ ಮುಗಿದ ಮೇಲೆ, ಒಪ್ಪಿಗೆ ಕೊಟ್ಟಿದ್ದರಿಂದ ಆತನ ಗುರುತನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂಬತ್ತು ವಾಕ್ಯಗಳಲ್ಲಿ ಯಾವುದು ನಿಜ ಎಂದು ಹೇಳಬಲ್ಲವರು ಒಬ್ಬರೇ. ಮಾಜಿ ಅಧ್ಯಕ್ಷರು ಎರಡು ವರ್ಷದಿಂದ ಮಿರಜಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಲಕ್ವ ಹೊಡೆದು ಬಲಗೈ, ಬಲಗಾಲು ಹೋಗಿವೆ. ಮಾತು ಪೂರ್ತಿ ಹೋಗಿದೆ. ಅದಕ್ಕೇ ಯಾರೂ ಅವರ ಹತ್ತಿರ ಹೋಗುವ ಯೋಚನೆ ಮಾಡಿರಲಿಲ್ಲ. ನಾನೂ ಕೊನೆಯ ದಿನದ ತನಕ ಮಾಡಿರಲಿಲ್ಲ.

ಪಾಡ್ಯದ ಹಿಂದಿನ ದಿನ ಬೆಳಗ್ಗೆ ಏಳು ಗಂಟೆಗೆ ಸೈಕಲ್ ಹತ್ತಿದೆ. ವಿಶ್ರಾಮಬಾಗ ದಾಟಿ, ಸುಂಕ ವಸೂಲಿಯ ಜಕಾತಿ ನಾಕೆಯಲ್ಲಿ ಖಾಲಿ ಕೈ ತೋರಿಸಿ, ಐವತ್ತು ನಿಮಿಷದಲ್ಲಿ ಮಿರಜು ತಲುಪಿದೆ. ಮನೆ ಸಿತಾರು ಮಾಡುವವರ ಓಣಿಯಲ್ಲಿತ್ತು. ಎದುರಿನ ಮಾಳಿಗೆಯ ಮೇಲೆ ಸೋರೆ ಬುರುಡೆಗಳು ಒಣಗುತ್ತಿದ್ದವು, ಯಾರೋ ಒಂದೇ ತಂತಿಯನ್ನು ಮತ್ತೆ ಮತ್ತೆ ಬಿಗಿದು ಮಿಡಿಯುತ್ತಿದ್ದರು. ಅವರ ಮಗಳು, ಐವತ್ತರ ಹತ್ತಿರದವರು, "ಬರ್ರಿ, ಕುಂದ್ರಿ," ಎಂದು ಚಹಾ ಕೊಟ್ಟರು. ಆಮೇಲೆ ಮೆಲ್ಲಗೆ ಅಂದರು:

"ಹೌದೋ ಅಲ್ಲೋ ಅಂತ ಕೇಳಬ್ಯಾಡ್ರಿ. ಗೋಣ ಹಾಕ್ರಿ ಅಂದ್ರ ಸಿಟ್ಟ ಬರತೈತಿ. ಬಂದವರೆಲ್ಲಾ ಸಣ್ಣ ಕೂಸಿನ್ನ ಕೇಳಿದಂಗ ಕೇಳತಾರ."

ಮಾಜಿ ಅಧ್ಯಕ್ಷರು ಕಿಟಕಿಯ ಕೆಳಗೆ ಮಂಚದ ಮೇಲೆ ಒರಗಿ ಕೂತಿದ್ದರು. ಮೊದಲಿಗಿಂತ ಅರ್ಧ ಆಗಿದ್ದರು. ನಾನು ಬಂದ ಕಾರಣ ಹೇಳಿದೆ. ಕುರಿಗಾರನ ಹೆಸರು ಬಂದಾಗ ಕಣ್ಣು ನನ್ನ ಕಡೆ ತಿರುಗಿದವು. ಹಾಳೆ ತೆಗೆದು ಮೊದಲನೆಯ ವಾಕ್ಯ ಓದಿದೆ. ಏನೂ ಆಗಲಿಲ್ಲ. ಎರಡನೆಯದನ್ನು ಓದಿ, ಮಗಳು ಹೇಳಿದ್ದನ್ನು ಮರೆತು, ಇದು ತಮ್ಮ ಮಾತು ಹೌದೇನ್ರಿ ಎಂದು ಕೇಳಿಬಿಟ್ಟೆ. ಅವರು ಮುಖ ಗೋಡೆಯ ಕಡೆ ಮಾಡಿದರು.

ನಾನು ಹಾಳೆ ಮಡಚಿದೆ. ಏಳಬೇಕು ಎನ್ನುವಷ್ಟರಲ್ಲಿ ಅವರ ಎಡಗೈ ಹೊದ್ದ ಶಾಲಿನ ಕೆಳಗಿಂದ ಬಂದು ನನ್ನ ಮಣಿಕಟ್ಟು ಹಿಡಿಯಿತು. ಹಿಡಿದು ಶಾಲಿನ ಒಳಗೆ ಎಳೆದುಕೊಂಡಿತು. ಒಳಗೆ ನನ್ನ ಎರಡು ಬೆರಳುಗಳನ್ನು ಒತ್ತಿದರು. ಮತ್ತೆ ಒತ್ತಿದರು.

ತಿಳಿಯಲು ನನಗೆ ಎಷ್ಟು ಹೊತ್ತು ಹಿಡಿಯಿತೋ ಬರೆದಿಲ್ಲ. ಪೇಟೆಯಲ್ಲಿ ಹುಟ್ಟಿ ಬೆಳೆದವನಿಗೆ ಅದು ಬೇಗ ತಿಳಿಯಬೇಕಿತ್ತು. ಎರಡನೆಯ ವಾಕ್ಯ ಅವರದು.

ಆಮೇಲೆ ನಾನು ಪ್ರಶ್ನೆ ಕೇಳಲಿಲ್ಲ. ಅಂಕಿ ಹೇಳುತ್ತ ಒಂದೊಂದೇ ವಾಕ್ಯ ಓದಿದೆ. ತಮ್ಮದಾದರೆ ಅಷ್ಟು ಬೆರಳು ಒತ್ತುತ್ತಿದ್ದರು, ಅಲ್ಲದಿದ್ದರೆ ಕೈ ಬಿಡುತ್ತಿದ್ದರು. ಮೂರಕ್ಕೆ ಬಿಟ್ಟರು. ನಾಲ್ಕಕ್ಕೆ ನಾಲ್ಕು ಬೆರಳನ್ನೂ ಸೇರಿಸಿ ಹಿಡಿದು ತುಸು ಹೊತ್ತು ಹಾಗೆಯೇ ಇಟ್ಟುಕೊಂಡರು. ಅದು ಕುರಿಗಾರ ಹೇಳಿದ ವಾಕ್ಯ. ಐದು, ಆರು ಬಿಟ್ಟರು. ಏಳಕ್ಕೆ ಅಂಗೈ, ಆಮೇಲೆ ಎರಡು ಬೆರಳು. ಅದು ಅವ್ವನದು. ಎಂಟು ಬಿಟ್ಟರು. ಒಂಬತ್ತನ್ನು ಹಿಡಿದರು.

ಕೊನೆಗೆ ಒಂದಕ್ಕೆ ಮರಳಿದೆ. ಸರಸ್ವತಿಯ ಬಾಗಿಲಿನ ವಾಕ್ಯ ಅವರದಾದರೆ ಕೆಲಸ ಹೂ ಎತ್ತಿದಷ್ಟು ಹಗುರಾಗುತ್ತಿತ್ತು. ನಿಧಾನವಾಗಿ ಓದಿದೆ. ಕೈ ಬಿಟ್ಟರು. ಮತ್ತೊಮ್ಮೆ ಓದಿದೆ. ಮತ್ತೆ ಬಿಟ್ಟರು, ಈ ಸಲ ತುಸು ದೂಡಿ. ತುಟಿಯ ಎಡಮೂಲೆ ಅಲುಗಿತು. ನಗುವಿರಬೇಕು.

ಪಾಡ್ಯದ ಸಭೆ ಐದು ಗಂಟೆಗೆ ಸೇರಿತು. ಹಾಜರಿ ಐವತ್ತೇಳು, ಒಳಬಾಗಿಲ ಆಚೆ ಹೆಂಗಸರು ಹತ್ತೊಂಬತ್ತು, ಕಟ್ಟೆಯ ಮೇಲೆ ಒಬ್ಬ. ಅಧ್ಯಕ್ಷರು ನನ್ನನ್ನು ಎಬ್ಬಿಸಿದರು. ಸರಸ್ವತಿಯ ಬಾಗಿಲಿನ ಮಾತು ಮಾಜಿ ಅಧ್ಯಕ್ಷರದಲ್ಲ ಎಂಬುದನ್ನೇ ಮೊದಲು ಹೇಳಿದೆ. ದಲಾಲ ಕಾಕಾ ಎದ್ದು, ನಾನು ಈ ಕಿವಿಯಿಂದಲೇ ಕೇಳಿದ್ದೇನೆ ಅಂದರು. ಕೂರಿಸಲು ಇಬ್ಬರು ಬೇಕಾದರು. ಆಮೇಲೆ ಮಿರಜಿನಲ್ಲಿ ಅವರು ತಮ್ಮದೆಂದು ಹಿಡಿದ ನಾಲ್ಕನ್ನು ಅವರ ಮಾತಿನಲ್ಲೇ ಓದಿದೆ.

"ಪೇಪರ ಕಟ್ಟಿಗೆ ಒಯ್ಯಬ್ಯಾಡ್ರಿ, ಹರೀತಾವು. ಗಟ್ಟಿ ಓದೂದು ಕಲಿಯೂ ಮನಶ್ಯಾನ ದನಿ, ಅವಗ ಓದು ಕೂಡೂ ತನಕ ನಾವು ತಡಕೋಬೇಕು. ನಮ್ಮ ಮನಿ ಹುಡುಗ್ರಿಗೇ ಕನ್ನಡ ಓದಾಕ ಬರವಲ್ದು, ಓದಾಕ ಬಂದವಗ ಜಾಗಾ ಕೊಡ್ರಿ. ತಡಕೊಳ್ಳಾಕ ಆಗದವರು ಒಂದು ತಾಸು ಬಿಟ್ಟು ಬರ್ರಿ, ಪೇಪರ ಎಲ್ಲಿಗೂ ಹೋಗಾಂಗಿಲ್ಲ."

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಐತಿಹಾಸಿಕ ಎಂದು ನಾಲ್ಕು ವರ್ಷದಿಂದ ಹೇಳುತ್ತ ಬಂದ ಭಾಷಣದಲ್ಲಿ ದೇಶ ಇರಲಿಲ್ಲ, ಸರಸ್ವತಿ ಇರಲಿಲ್ಲ. ಬಾಕು, ಪೇಪರು, ಒಂದು ತಾಸು ಇದ್ದವು. ಆದರೆ ಅಂದು ಅಲ್ಲಿ ಕೂತವರಿಗೆ ಅದು ಮಾಜಿ ಅಧ್ಯಕ್ಷರದೇ ದನಿ ಎಂದು ಗೊತ್ತಾಯಿತು. ಅದು ಅವರು ಹೋದ ವಾರವಷ್ಟೇ ಆಡಿದ ಮಾತಿನಂತೆಯೇ ಇತ್ತು.

ಮಾತು ಹೋದವರು ಇದನ್ನು ಹೇಗೆ ತಿಳಿಸಿದರು, ಏನಾದರೂ ಸಹಿ ಉಂಟೇನು ಎಂದು ಅಧ್ಯಕ್ಷರು ಕೇಳಿದರು.

"ಶಾಲಿನ ತೆಳಗ ಹೇಳ್ಯಾರ್ರಿ," ಅಂದೆ.

ದಲಾಲ ಕಾಕಾ ಸರಸ್ವತಿಯ ಮಾತನ್ನು ಅಲ್ಲಿಗೇ ಬಿಟ್ಟು, ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಅಧ್ಯಕ್ಷರು ಎಲ್ಲರ ಮುಖ ನೋಡಿದರು.

"ನಾವು ಅರಿವಿ ಅಂಗಡಿ ಮಂದಿ, ಗಜಾ ಹಿಡದು ಅಳೀತೀವಿ. ನೀವು ಶಾಲಿನ್ಯಾಗ ಮುಗಸತೀರಿ. ಆತು. ಓದು ಕೂಡೂ ತನಕ ಒಳಗ ಕುಂದ್ರಲಿ. ತಡಕೊಳ್ಳಾಕ ಆಗದಿದ್ರ ನಾನೇ ನಾಕ ಗಂಟೇಕ ಬರತೀನಿ."

ಯಾರೂ ಎದುರಾಡಲಿಲ್ಲ, ಹೀಗಾಗಿ ಅದು ನಿಯಮವಾಯಿತು. ನಡಾವಳಿಯಲ್ಲಿ ಅಧ್ಯಕ್ಷರ ಸಮಯೋಚಿತ ಭಾಷಣ ಆಯಿತು ಎಂದು ಬರೆದರು. ನಾನು ಆ ದಿನದ ಪುಟದಲ್ಲಿ ಅವಧಿಯನ್ನು ಬರೆಯುವ ಮೊದಲು ಮಾತನ್ನು ಬರೆದೆ. ಅವಧಿ ಬರೆಯುವುದು ಉಳಿದೇಹೋಯಿತು.

ಪಾಡ್ಯದಿಂದ ಇವತ್ತಿನ ತನಕ ಹನ್ನೊಂದು ಬಜಾರ ಆಗಿವೆ. ಈ ವರ್ಷ ಹಿಂಡು ದೂರ ಹೋಗಿಲ್ಲ, ಸಮಡೋಳಿಯ ಹೊಲಗಳಲ್ಲಿದೆ. ಕುರಿಗಾರ ಎಂಟು ಸಲ ಬಂದ. ಎಂಟು ಸಲವೂ ಮೂರು ಗಂಟೆಯಿಂದ ನಾಲ್ಕರವರೆಗೆ ಗಟ್ಟಿಯಾಗಿ ಓದಿದ. ಅಧ್ಯಕ್ಷರು ಆರು ಸಲ ನಾಲ್ಕಕ್ಕೆ ಬಂದರು, ಎರಡು ಸಲ ಮೂರೂವರೆಗೇ ಬಂದು ಬೇರೆ ಬಾಕಿನ ಮೇಲೆ ಕೂತರು. ನಿನ್ನೆಯ ಬಜಾರದಲ್ಲಿ ಆತ ಪೇಪರು ಮುಗಿಸಿ ರುಮಾಲಿನಿಂದ ಮಗಳ ಕಾಗದ ತೆಗೆದ. ಅದನ್ನು ಮೊಳಕಾಲ ಮೇಲೆ ಇಟ್ಟು ಓದಿದ. ತುಟಿ ಆಡುತ್ತಿದ್ದವು, ದನಿ ಬರಲಿಲ್ಲ. ಓದಿ ಮಡಚಿ ಮತ್ತೆ ರುಮಾಲಿನಲ್ಲಿ ಇಟ್ಟ. ಏನು ಬರೆದಿದ್ದಾಳೆ ಎಂದು ನಾನು ಕೇಳಲಿಲ್ಲ.

ಮೂರನೆಯ ಭಾಷಣದಲ್ಲಿ ಸಿಕ್ಕಿದ್ದು ನಾಲ್ಕು ವಾಕ್ಯ, ಹೆಚ್ಚೆಂದರೆ ಒಂದು ನಿಮಿಷದ ಮಾತು. ಇಪ್ಪತ್ತೊಂದು ನಿಮಿಷ ಇನ್ನೂ ಎಲ್ಲೋ ಇದೆ. ಉಳಿದ ನಾಲ್ಕು ಭಾಷಣಗಳಲ್ಲಿ ಒಂದು ವಾಕ್ಯವೂ ನನ್ನ ಕೈಯಲ್ಲಿಲ್ಲ. ಮಾಜಿ ಅಧ್ಯಕ್ಷರ ಎಡಗೈಯಲ್ಲಿ ಹಿಡಿತ ಗಟ್ಟಿಯಾಗಿದೆ, ಆದರೆ ಹೋದ ಸಲ ಹೋಗಿ ಅದೇ ಹಾಳೆ ಮತ್ತೆ ಓದಿದಾಗ ಏಳನ್ನು ಒತ್ತಲು ಎರಡು ಸಲ ಪ್ರಯತ್ನ ಮಾಡಬೇಕಾಯಿತು. ಆ ಐದು ಪಾಡ್ಯಗಳಲ್ಲಿ ಒಳಗೆ, ಕಟ್ಟೆಯ ಮೇಲೆ, ಇಲ್ಲವೇ ಒಳಬಾಗಿಲ ಆಚೆ ಕೂತು ಕೇಳಿದವರು ಯಾರೇ ಇರಲಿ, ನೆನಪಿನಲ್ಲಿ ಉಳಿದ ಒಂದೇ ವಾಕ್ಯವಾದರೂ ಸರಿ, ತಪ್ಪಿರಬಹುದು ಎಂಬ ಅನುಮಾನವಿದ್ದರೂ ಸರಿ, ಈ ಬರಹ ಅಚ್ಚಾಗುವ ಮಾಸಿಕದ ವಿಳಾಸಕ್ಕೆ ಒಂದು ಕಾರ್ಡು ಬರೆದು ತಿಳಿಸಬೇಕು. ಹೆಸರು ಬರೆಯದಿದ್ದರೂ ನಡೆಯುತ್ತದೆ. ಬಂದ ವಾಕ್ಯಕ್ಕೆ ಅಂಕಿ ಹಾಕಿ, ಅದನ್ನು ಮಿರಜಿಗೆ ಒಯ್ದು ಅವರ ಶಾಲಿನ ಕೆಳಗೆ ಕೈ ಇಡುತ್ತೇನೆ.